ಹಗಲಿಗೆ ಕಣ್ಣು ಬಿಟ್ಟ ಕತೆ

ಅಂಗನವಾಡಿಯಿಂದ ಬೇರೆಯವರ ಮಗುವನ್ನು ನನ್ನ ಮಗಳೆಂದುಕೊಂಡು ಮನೆಗೆ ಕರೆತಂದವಳು ನಾನು. ಹೆಸರು ಚಂದ್ರಕಲಾ ಅಂತ ಇದೆ. ಆದರೆ ಕೂಟಗಲ್ಲಿನಲ್ಲಿ ನಮ್ಮ ಮನೆ ಯಾವುದೆಂದು ಕೇಳಿದವರಿಗೆ ಜನ ಹೆಸರು ಹಿಡಿದು ದಾರಿ ತೋರಿಸುವುದಿಲ್ಲ, ಈ ಕತೆ ಹೇಳಿ ತೋರಿಸುತ್ತಾರೆ. ಹೇಳಿ ನಗುತ್ತಾರೆ. ಈಗ ನಾನೂ ಜೊತೆಗೆ ನಗುತ್ತೇನೆ. ಆವತ್ತು ಮಾತ್ರ ನಗು ಬಂದಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಬಲಿತಿದ್ದ ಕಾಲ. ಮಕ್ಕಳನ್ನು ಬಿಡುವ ಹೊತ್ತಿಗೆ, ನಡುಮಧ್ಯಾಹ್ನ, ಅಂಗನವಾಡಿಗೆ ಹೋದೆ. ಬಿಸಿಲಿನಲ್ಲಿ ನನಗೆ ಕಣ್ಣು ಬಿಡಲು ಆಗುವುದಿಲ್ಲ. ಅಂಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು, ರೆಪ್ಪೆಯನ್ನು ಕೂದಲೆಳೆಯಷ್ಟು ತೆರೆದು, ನೆಲ ನೋಡಿಕೊಂಡು ನಡೆಯುವುದು ಚಿಕ್ಕಂದಿನ ಅಭ್ಯಾಸ. ಗೇಟಿನ ಹತ್ತಿರ ಬರೀ ಬಿಳಿ ಬೆಳಕು, ಅದರೊಳಗೆ ಒಂದೇ ಥರದ ಬಟ್ಟೆ ತೊಟ್ಟ ಪುಟ್ಟ ಪುಟ್ಟ ಆಕಾರಗಳು. ಕೈ ಚಾಚಿ “ಬಾ ಬಂಗಾರಿ” ಅಂದೆ. ಪುಟ್ಟ ಕೈಯೊಂದು ಬಂದು ನನ್ನ ಬೆರಳು ಹಿಡಿಯಿತು. ದಾರಿಯುದ್ದಕ್ಕೂ ಮನೆಯಲ್ಲಿ ಮಾಡಿಟ್ಟ ಬಸ್ಸಾರಿನ ವಿಷಯ ಹೇಳುತ್ತ ಬಂದೆ. ಮಗು ತುಟಿ ಬಿಚ್ಚಲಿಲ್ಲ. ನಡುಮನೆಯ ನೆರಳಿಗೆ ಬಂದು ಕಣ್ಣು ಬಿಟ್ಟು ನೋಡಿದರೆ, ಹಿಂದಿನ ಬೀದಿಯ ಗೌರಕ್ಕನ ಮೊಮ್ಮಗಳು ಯಶು ನಿಂತಿದ್ದಾಳೆ.

“ನೀನ್ಯಾಕೆ ಬಂದ್ಯೇ?” ಅಂದೆ.

“ನೀವೇ ಕರುದ್ರಲ್ಲ ಅತ್ತೆ. ಕಡ್ಲೆಮಿಠಾಯಿ ಕೊಡಿ.”

ಮಗಳಿಗೆಂದು ಸೆರಗಿನ ತುದಿಯಲ್ಲಿ ನಾನು ಕಡ್ಲೆಮಿಠಾಯಿ ಕಟ್ಟಿಕೊಂಡು ಹೋಗುವುದು ಆ ಹುಡುಗಿಗೆ ಗೊತ್ತಿತ್ತು. ಅತ್ತ ಅಂಗನವಾಡಿಯಲ್ಲಿ ನನ್ನ ಮಗಳು ಧನ್ಯ ಊರು ಒಂದಾಗುವ ಹಾಗೆ ಅಳುತ್ತಿದ್ದಳು. ನಾನು ಯಶುವನ್ನು ಎತ್ತಿಕೊಂಡು ಅದೇ ಬಿಸಿಲಿನಲ್ಲಿ ಮತ್ತೆ ಓಡಿದೆ. ದಾರಿಯಲ್ಲಿ ಗೌರಕ್ಕ ಸಿಕ್ಕಿ ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ.

ಸಂಜೆ ಈ ಸುದ್ದಿ ಕೇಳಿ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಗಂಡ ನಗಲಿಲ್ಲ.

“ಚಂದ್ರಿ, ನಿಜ ಹೇಳ್ಬುಡು. ಬಿಸ್ಲಲ್ಲಿ ನಿಂಗೆ ಏನಾರಾ ಕಾಣ್ತದೋ ಇಲ್ವೋ?”

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಬಿಸಿಲು ಎಂದರೆ ಎಲ್ಲರಿಗೂ ಹೀಗೆಯೇ, ಮಿಕ್ಕವರು ನನಗಿಂತ ಗಟ್ಟಿಗರು, ತಡೆದುಕೊಳ್ಳುತ್ತಾರೆ ಎಂದೇ ನಾನು ತಿಳಿದಿದ್ದೆ.

ಮುಂದೆ ಹೇಳುವ ಮೊದಲು ನಮ್ಮ ಮನೆಯ ನಂಟನ್ನು ಬಿಡಿಸಿಡಬೇಕು. ನನ್ನ ಗಂಡ ರಾಜಣ್ಣ ನನ್ನ ಅವ್ವನ ಒಡಹುಟ್ಟಿದ ತಮ್ಮ, ನನಗೆ ಸೋದರಮಾವ. ಹುಟ್ಟಿದಾಗಿನಿಂದ ‘ಮಾವ’ ಎಂದು, ಏಕವಚನದಲ್ಲೇ ಕರೆದು ರೂಢಿ. ತಾಳಿ ಕಟ್ಟಿದ ಮೇಲೂ ಬದಲಿಸಲು ಬಾಯಿ ಬರಲಿಲ್ಲ. ಹಾಗಾಗಿ ನನ್ನ ಅತ್ತೆ ನಿಂಗಮ್ಮ ನನಗೆ ಅವ್ವನ ಅವ್ವ, ಅಜ್ಜಿ. ಸೊಸೆಯ ಮೇಲೆ ಸಿಟ್ಟು ಬಂದಾಗ ಅಜ್ಜಿ ಮೊಮ್ಮಗಳ ಹತ್ತಿರ ದೂರು ಹೇಳಿಕೊಳ್ಳುತ್ತಾಳೆ. ಎರಡೂ ನಾನೇ ಆದ್ದರಿಂದ ಜಗಳ ಬೇಗ ಮುಗಿಯುತ್ತದೆ.

ನಮ್ಮ ಮದುವೆ ಕುದುರಿದ್ದೂ ಕಣ್ಣಿನಿಂದಲೇ, ಆದರೆ ಅದು ಆಗ ಯಾರಿಗೂ ತಿಳಿಯಲಿಲ್ಲ. ನನ್ನ ತವರು ಮಾಗಡಿ ತಾಲ್ಲೂಕಿನ ಕಲ್ಯ. ಬೇಸಿಗೆ ರಜಕ್ಕೆ ಕೂಟಗಲ್ಲಿನ ಅಜ್ಜಿ ಮನೆಗೆ ಬರುತ್ತಿದ್ದೆ. ಬೇರೆ ಮಕ್ಕಳು ಮಾವಿನ ಮರ, ಕೆರೆ ಏರಿ ಎಂದು ಅಲೆಯುತ್ತಿದ್ದರೆ ನಾನು ಅಜ್ಜಿಯ ಹಿಂದೆ ಹುಳುಮನೆ ಹೊಕ್ಕುಬಿಡುತ್ತಿದ್ದೆ. ರೇಷ್ಮೆ ಹುಳು ಸಾಕುವ ಮನೆಯೆಂದರೆ ಕಿಟಕಿಗೆಲ್ಲ ಪರದೆ, ತಂಪು, ಮಬ್ಬು. ಹೊರಗಿನವರು ಒಳಗೆ ಕಾಲಿಡುವಂತಿಲ್ಲ, ಒಳಗಿದ್ದವರು ಪದೇ ಪದೇ ಬಾಗಿಲು ತೆರೆಯುವಂತಿಲ್ಲ. ಅಂಥ ಕಡೆ ತೆಪ್ಪಗೆ ಕೂತು ಸೊಪ್ಪು ಹಾಕುವ ಹುಡುಗಿ ಸಿಕ್ಕರೆ ಹುಳು ಸಾಕುವ ಮನೆಯವರಿಗೆ ಚಿನ್ನ ಸಿಕ್ಕಂತೆ. ಅಜ್ಜಿ ನೋಡಿದಳು, ನೋಡಿದಳು, ಒಂದು ದಿನ ಅವ್ವನಿಗೆ ಹೇಳಿಯೇಬಿಟ್ಟಳು: “ಈ ಹೆಣ್ಣು ಹುಳ ಸಾಕಕ್ಕೇ ಹುಟ್ಟೈತೆ ಕಣ್ ಜಯಮ್ಮ. ಕೈಗುಣ ಐತೆ. ನಮ್ ರಾಜನ್ಗೇ ಇರ್ಲಿ ಬುಡು.”

ಕೈಗುಣ ಇತ್ತೋ ಇಲ್ಲವೋ, ಹುಳುಮನೆಯಲ್ಲಿ ನನ್ನ ಕಣ್ಣು ತಾನಾಗಿ ತೆರೆದುಕೊಳ್ಳುತ್ತಿತ್ತು. ಹೊರಗೆ ಬರೀ ಬಿಳುಪಾಗಿದ್ದ ಲೋಕ ಅಲ್ಲಿ ಒಳಗೆ ಬಂದು ಕೂತಿರುತ್ತಿತ್ತು. ಎಲೆ, ಎಲೆಯ ಅಂಚು ಕಚ್ಚುವ ಹುಳು, ಅಜ್ಜಿಯ ಬಳೆ, ಎಲ್ಲ. ಮದುವೆಯಾದ ಮೇಲೂ ಬೆಳಗಾದರೆ ಹುಳುಮನೆಗೆ, ಹೊತ್ತು ಇಳಿದರೆ ಹೊರಗೆ. “ನಮ್ ಸೊಸೆ ಹುಳ ಬುಟ್ಟು ಅಲ್ಲಾಡಕಿಲ್ಲ” ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ಮೆರೆದಳು.

ಮಾವ ಮೊದಲು ನನ್ನನ್ನು ರಾಮನಗರದ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವರು ಒಂದಾದ ಮೇಲೊಂದು ಗಾಜು ಹಾಕಿ ನೋಡಿದರು. ಯಾವ ಗಾಜಿಗೂ ನನ್ನ ಕಣ್ಣು ಒಲಿಯಲಿಲ್ಲ. “ಪವರ್ ವಿಷಯ ಅಲ್ಲಣ್ಣ ಇದು” ಎಂದು ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಗೆ ಚೀಟಿ ಬರೆದರು. ಅಜ್ಜಿಗೆ ಇದೆಲ್ಲ ದಂಡದ ಓಡಾಟ ಅನಿಸಿತು. “ಬಿಸ್ಲಲ್ಲಿ ಕಣ್ ಬುಡ್ದೇ ಇದ್ರೆ ನೆಳ್ಳಲ್ಲಿ ಇದ್ದರಾಯ್ತು. ಇದ್ಕೇನು ಡಾಕ್ಟ್ರು?” ಎಂದು ಬಾಗಿಲಲ್ಲಿ ನಿಂತು ಹೇಳಿದಳು. ಹೇಳಿದ ಮೇಲೆ ದಾರಿಗೆ ಚಿತ್ರಾನ್ನ ಕಟ್ಟಿಕೊಟ್ಟಳು.

ಕಾಯುವ ಕೋಣೆಯ ಬಗ್ಗೆ ಹೇಳಲೇಬೇಕು. ನನ್ನಂಥವರಿಗೆ ಅದೊಂದು ಪರೀಕ್ಷೆ. ನೆಲ ಬಿಳಿ, ಗೋಡೆ ಬಿಳಿ, ಮೇಲೆ ಸಾಲು ಸಾಲು ಟ್ಯೂಬ್‌ಲೈಟು. ಕಣ್ಣಿನ ಆಸ್ಪತ್ರೆ ಕಟ್ಟುವವರು ಕಣ್ಣು ನೋಯುವವರನ್ನು ಒಂದು ಮಾತು ಕೇಳಬಾರದೇ? ಅದರ ಮೇಲೆ, ಪಾಪೆ ಅಗಲವಾಗಲೆಂದು ಕಣ್ಣಿಗೆ ಹನಿ ಹಾಕಿ ಕೂರಿಸಿದರು. ಇದ್ದಬದ್ದ ಬೆಳಕೆಲ್ಲ ಒಳಗೆ ನುಗ್ಗಿ ನೀರು ಇಳಿಯತೊಡಗಿತು. ಮಾವ ಕಾಗದ ಹಿಡಿದು ಇನ್ನೊಂದು ಸಾಲಿನಲ್ಲಿ ನಿಂತಿದ್ದ. ಸೆರಗು ಮುಖಕ್ಕೆ ಹೊದ್ದು ಕೂತವಳ ಭುಜವನ್ನು ಪಕ್ಕದ ಹೆಂಗಸು ಮುಟ್ಟಿದರು.

“ಯಾಕಮ್ಮ ಅಳ್ತೀಯ?”

“ಅಳ್ತಿಲ್ಲ, ಬೆಳಕು ಚುಚ್ತೈತೆ.”

“ನಿಮ್ಮ ಸೀರೆ ತೆಳ್ಳಗೆ ಐತೆ, ಬೆಳಕು ತಡೆಯಲ್ಲ. ಇದು ತಗೋ.” ತಮ್ಮ ಕಪ್ಪು ದುಪಟ್ಟಾವನ್ನು ಎರಡು ಮಡಿಕೆ ಮಾಡಿ ನನ್ನ ತಲೆಯ ಮೇಲಿಂದ ಇಳಿಬಿಟ್ಟರು. ಆಹಾ, ಹುಳುಮನೆಯೇ ಬಂದಂತಾಯಿತು. ಒಳಗಿನಿಂದಲೇ ಊರು ಕೇರಿ ಮಾತಾಡಿದೆವು. ಹೆಸರು ಮುಮ್ತಾಜ್, ರಾಮನಗರದವರು, ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಾರೆ. ಅವರ ಅತ್ತೆಗೆ ಪೊರೆಯ ಆಪರೇಷನ್. ನಾನು ಕೂಟಗಲ್ಲಿನವಳು ಎಂದದ್ದೇ ದನಿ ಏರಿತು: “ಅರೆ! ಕೂಟಗಲ್ ಗೂಡು ಕಂಡ್ರೆ ನಮ್ ಯಜಮಾನ್ರು ಮಾರ್ಕೆಟ್‌ನಾಗೆ ಬಿಡೋದೇ ಇಲ್ಲಮ್ಮ. ಎಳೆ ಕಡಿಯಲ್ಲ. ನಿಮ್ ಗೂಡಿಂದೇ ನಮ್ ಊಟ ಆಗೋದು, ಇಟ್ಕೋ ಇಟ್ಕೋ.” ಅವರ ಅತ್ತೆಯನ್ನು ಒಳಗೆ ಕರೆದಾಗ ದುಪಟ್ಟಾ ಹಿಂದಕ್ಕೆ ಕೊಡಹೋದೆ. ತೆಗೆದುಕೊಳ್ಳಲಿಲ್ಲ. ಅದು ಈಗಲೂ ನನ್ನ ಹತ್ತಿರ ಇದೆ.

ಒಳಗಿದ್ದ ಡಾಕ್ಟರು ನನಗಿಂತ ಒಸಿ ದೊಡ್ಡವರು ಇರಬಹುದು, ನಗುಮೊಗದ ಹೆಂಗಸು. ಚುಕ್ಕೆ ಚುಕ್ಕೆಯ ಹಾಳೆಗಳನ್ನು ತೋರಿಸಿ ಇದರಲ್ಲಿ ಯಾವ ಅಂಕಿ ಇದೆ ಎಂದು ಕೇಳಿದರು. ಯಾವ ಹಾಳೆಯಲ್ಲೂ ನನಗೆ ಅಂಕಿ ಸಿಗಲಿಲ್ಲ. ಅವರು ಹಾಳೆ ಪಕ್ಕಕ್ಕಿಟ್ಟು, “ನಿಮ್ಮ ಹಣೆಯ ಕುಂಕುಮ ಯಾವ ಬಣ್ಣ?” ಅಂದರು.

“ಕೆಂಪು.”

“ಎಲ್ಲರೂ ಹೇಳೋದು ಬೇಡ. ಕನ್ನಡಿಯಲ್ಲಿ ನಿಮಗೆ ಹೇಗೆ ಕಾಣುತ್ತೆ?”

“ಕಪ್ಪಗೆ.”

ಮಾವ ಕುರ್ಚಿಯಲ್ಲೇ ತಿರುಗಿ ನನ್ನನ್ನು ನೋಡಿದ. ಕೆಂಪು ಅಂದರೆ ಕಪ್ಪಿನಲ್ಲೇ ಒಂದು ಜಾತಿ ಎಂದು ನಾನು ಇಷ್ಟು ದಿನ ಬದುಕಿದ್ದೆ. ಕುಂಕುಮವನ್ನೂ ಕಾಡಿಗೆಯನ್ನೂ ಡಬ್ಬಿಯ ಆಕಾರದಿಂದ ಗುರುತು ಹಿಡಿಯುತ್ತಿದ್ದೆ. ನನ್ನ ಧಾರೆ ಸೀರೆಯನ್ನು ಹೆಂಗಸರೆಲ್ಲ ಹೊಗಳಿದಾಗ, ಈ ಕರಿ ಸೀರೆಯಲ್ಲಿ ಏನು ಕಂಡರೋ ಎಂದುಕೊಂಡಿದ್ದೆ.

ಆಮೇಲೆ ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣಿಗೆ ಎಳೆಯಂಥ ವಯರು ಸೋಕಿಸಿ, ಬೆಳಕು ಮಿನುಗಿಸಿ ಪರೀಕ್ಷೆ ಮಾಡಿದರು. ಕತ್ತಲಲ್ಲಿ ನನ್ನ ಕಣ್ಣು ಎಲ್ಲರ ಕಣ್ಣಿನಂತೆ ಕೆಲಸ ಮಾಡಿತಂತೆ. ಜೋರು ಬೆಳಕಿಗೆ ಬಂದಾಗ ಯಂತ್ರದ ಗೆರೆ ಏಳಲೇ ಇಲ್ಲವಂತೆ. ಇರುಳುಗುರುಡು ಕೇಳಿದ್ದೆವು. ನನ್ನದು ಹಗಲುಗುರುಡು.

ಡಾಕ್ಟರು ನಮಗೆ ತಿಳಿಯುವಂತೆ ಹೇಳಿದರು. ಮಗು ಹೊಟ್ಟೆಯಲ್ಲಿರುವಾಗಲೇ ಕಣ್ಣಿನ ಹಿಂದಿನ ಪರದೆಯಲ್ಲಿ ನರದ ಕೋಶಗಳು ಬೆಳೆಯುತ್ತವೆ. ನೀನು ಹಗಲಿಗೆ, ನೀನು ಇರುಳಿಗೆ ಎಂದು ಅವುಗಳಿಗೆ ಕೆಲಸ ಹಂಚುವವು ಜೀನುಗಳು. ಆ ಕೆಲಸ ಮಾಡಲು ಬೇಕಾದ ಪ್ರೋಟೀನನ್ನು ಮಾಡಿಸುವವೂ ಅವೇ. ನನ್ನ ಕಣ್ಣಿನಲ್ಲಿ ಹಗಲಿನ ಕೋಶಗಳು ಹುಟ್ಟಿದ್ದವು. ಬೆಳಕು ಬಂತು ಎಂಬ ಸುದ್ದಿಯನ್ನು ಮಿದುಳಿಗೆ ದಾಟಿಸುವ ಪ್ರೋಟೀನು ಮಾತ್ರ ಸರಿಯಾಗಿ ತಯಾರಾಗಿರಲಿಲ್ಲ.

ಮಾವ ಯೋಚಿಸಿ ಹೇಳಿದ: “ನಮ್ ಹುಳ ನಾಕ್ ಸಲ ಪೊರೆ ಬುಡ್ತವೆ ಡಾಕ್ಟ್ರೇ. ಅದ್ಕೆ ನಾವು ಜ್ವರ ಅಂತೀವಿ. ಕೆಲವು ಹುಳ ಜ್ವರಕ್ಕೆ ಕೂತವು ಏಳಕ್ಕೇ ಇಲ್ಲ, ಸೊಪ್ಪು ಹಾಕುದ್ರೂ ತಲೆ ಎತ್ತಲ್ಲ. ಇವಳ ಕಣ್ಣಲ್ಲಿ ಹಗಲಿನವು ಜ್ವರದಿಂದ ಎದ್ದಿಲ್ಲ, ಅಷ್ಟೇ ತಾನೆ?”

ಡಾಕ್ಟರು ನಕ್ಕು, “ಇನ್ನು ಮೇಲೆ ನಾನೂ ಹೀಗೇ ಹೇಳ್ತೀನಿ” ಅಂದರು. ವಾಸಿ ಮಾಡುವ ಔಷಧ ಇವತ್ತಿಗೆ ಇಲ್ಲ, ಹುಡುಕುತ್ತಿದ್ದಾರೆ. ನನ್ನ ಬಗೆಯದ್ದು ಸಾಮಾನ್ಯವಾಗಿ ಏರುತ್ತ ಹೋಗುವುದಿಲ್ಲ, ಇದ್ದಷ್ಟಕ್ಕೇ ಇರುತ್ತದೆ. ಬಿಸಿಲಿಗೆ ಬಣ್ಣದ ಗಾಜಿನ ಕನ್ನಡಕ ಕೊಡುತ್ತೇವೆ ಎಂದರು. ನನ್ನ ಎದೆಯ ಭಾರ ಇಳಿದಂತಾಗಿ ಏಳುವುದರಲ್ಲಿದ್ದೆ. ಆಗ ಮಾವ ಬಾಯಿ ತೆರೆದ.

“ನಮ್ ಮಗೀನೂ ಹಿಂಗೇ ಕಣ್ ಮುಚ್ತದೆ ಡಾಕ್ಟ್ರೇ.”

ಡಾಕ್ಟರ ಮುಖದ ನಗು ನಿಂತಿತು. ನಾನು ಮತ್ತೆ ಕೂತೆ. ಅವನು ಹೇಳಿದ್ದು ನಿಜ. ಧನ್ಯ ಹೊಸಿಲು ದಾಟಿದ ಕೂಡಲೇ ಅಂಗೈಯನ್ನು ಹುಬ್ಬಿಗೆ ಹಿಡಿದು ಕಣ್ಣು ಕಿರಿದು ಮಾಡುತ್ತಿದ್ದಳು. ಆಟಕ್ಕೂ ಹುಳುಮನೆಗೇ ಬರುತ್ತಿದ್ದಳು. “ತಾಯಿ ಮಗಳು ಒಂದೇ ಅಚ್ಚು” ಎಂದು ಎಲ್ಲ ನಗುತ್ತಿದ್ದೆವು.

ಮುಂದಿನ ಸಲ ಮಗುವನ್ನು ಕರೆದುಕೊಂಡು ಹೋದೆವು. ಟಾರ್ಚು ಕಂಡದ್ದೇ ಅವಳು ಕಣ್ಣು ಬಿಗಿದು ಮೇಜಿನ ಕೆಳಗೆ ನುಗ್ಗಿದಳು. ವಯರಿನ ಪರೀಕ್ಷೆಗಂತೂ ಕೂರಲೇ ಇಲ್ಲ. ಅರೆಬರೆ ನೋಡಿ ಹೇಳಲಾಗದು, ರಕ್ತ ಪರೀಕ್ಷೆಯೇ ಮಾಡೋಣ ಎಂದರು ಡಾಕ್ಟರು. ಪಕ್ಕದ ಕೋಣೆಯಲ್ಲಿ ಮನೆತನದ ನಕ್ಷೆ ಬರೆದುಕೊಳ್ಳುವ ಹುಡುಗಿಯೊಬ್ಬಳು ಕೂತಿದ್ದಳು.

“ಯಜಮಾನರು ನಿಮಗೆ ಮೊದಲಿಂದ ಸಂಬಂಧವಾ?”

“ಮಾವ.”

“ಅಂದರೆ ನಿಮ್ಮ ಅತ್ತೆ...?”

“ಅಜ್ಜಿ.”

“ನಿಮ್ಮ ತಂದೆ ತಾಯಿ?”

“ನಮ್ಮಪ್ಪ ಅಜ್ಜಿಯ ಅಣ್ಣನ ಮಗ. ಅವ್ವ ಸೋದರಮಾವನ ಮಗನ್ನೇ ಮದುವೆ ಆಗಿರೋದು.”

ಅವಳು ದುಂಡಗೆ ಒಂದು, ಚೌಕ ಒಂದು ಬರೆದು ಗೆರೆ ಎಳೆದಳು. ಗೆರೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂತು. ಹುಳು ಗೂಡು ಕಟ್ಟಲು ಬಿಡುವ ನಮ್ಮ ಬಿದಿರಿನ ಚಂದ್ರಿಕೆಯ ಹಾಗೇ ಕಂಡಿತು. ಅವಳು ಹೇಳಿದ್ದರ ತಿರುಳು ಇಷ್ಟು: ನನಗೆ ಈ ಜೀನಿನ ಕೆಟ್ಟ ಪ್ರತಿ ಅಪ್ಪನಿಂದ ಒಂದು, ಅವ್ವನಿಂದ ಒಂದು ಬಂದಿದೆ. ಒಂದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಧನ್ಯಳಿಗೆ ನನ್ನಿಂದ ಒಂದು ಬಂದೇ ಬಂದಿರುತ್ತದೆ. ಅವ್ವನಲ್ಲಿ ಇರುವುದು ಅವಳ ತಮ್ಮ ರಾಜಣ್ಣನಲ್ಲೂ ಇರಬಹುದು. ಇದ್ದು, ಅವನಿಂದಲೂ ಮಗುವಿಗೆ ಬಂದಿದ್ದರೆ ಅವಳೂ ನನ್ನಂತೆಯೇ. ಮೂವರ ರಕ್ತ ತೆಗೆದುಕೊಂಡರು. ಫಲಿತಾಂಶಕ್ಕೆ ಕಾಯಬೇಕು ಎಂದರು.

ನಾನು ಹಾಗೇ ಬದುಕಿಲ್ಲವೇ ಎಂದು ನೀವು ಕೇಳಬಹುದು. ಬದುಕಿದ್ದೇನೆ. ಆದರೆ ಕಲ್ಯದ ಶಾಲೆಯಲ್ಲಿ ಕಪ್ಪು ಹಲಗೆ ಕಾಣದೆ ಮಂಕು ಎನಿಸಿಕೊಂಡದ್ದು, ಆಟದ ಬಯಲಿನಲ್ಲಿ ಚೆಂಡು ಮುಖಕ್ಕೆ ಬಡಿದ ಮೇಲೆ ಗೊತ್ತಾಗುತ್ತಿದ್ದದ್ದು, ಎದುರಿಗೆ ಬಂದವರನ್ನು ಮಾತಾಡಿಸಲಿಲ್ಲವೆಂದು ಜಂಬದವಳಾದದ್ದು, ಎಲ್ಲ ನೆನಪಿದೆ. ನನಗೆ ಬಂದದ್ದು ನನಗಿರಲಿ, ಮಗಳಿಗೆ ಬೇಡ. ಇದಕ್ಕಿಂತ ಬೇರೆ ಯೋಚನೆ ಆ ದಿನಗಳಲ್ಲಿ ನನ್ನ ತಲೆಯಲ್ಲಿ ಇರಲಿಲ್ಲ.

ನಾವು ವಾಪಸು ಬಂದಾಗ ಮನೆಗೆ ಹೊಸ ಹುಳು ಬಂದಿತ್ತು. ಕಾಯುವ ಹೊತ್ತು ಆ ಬೆಳೆಯ ಜೊತೆಯೇ ಸಾಗಿತು. ಹುಳು ಒಂದು ಜ್ವರಕ್ಕೆ ಕೂತವು, ಎದ್ದವು. ಫೋನು ಬರಲಿಲ್ಲ. ಇನ್ನೊಂದು ಜ್ವರಕ್ಕೆ ಕೂತವು, ಸುಣ್ಣದ ಪುಡಿ ಉದುರಿಸಿದೆ, ಎದ್ದವು. ಫೋನು ಬರಲಿಲ್ಲ. ಸುದ್ದಿ ತಿಳಿದು ಅವ್ವ ಕಲ್ಯದಿಂದ ಬಸ್ಸು ಹಿಡಿದು ಬಂದಳು. ಬಂದವಳೇ ಅಜ್ಜಿಯ ಮೇಲೆ ಹರಿಹಾಯ್ದಳು.

“ನಿನ್ ತವರಿಂದ್ಲೇ ಬಂದಿರೋದು ಕಣವ್ವ ಇದು!”

“ನಿನ್ ಗಂಡನ ಕಡೆಯಿಂದ ಬಂದಿರ್ಬೇಕು, ನೋಡ್ಕೋ ಹೋಗು!”

“ನನ್ ಗಂಡ ಯಾರು? ನಿನ್ ಅಣ್ಣನ ಮಗ ಅಲ್ವಾ?”

ಯಾರನ್ನು ಬೈದರೂ ಬೈಗುಳ ಬಳಸಿಕೊಂಡು ಅಜ್ಜಿಯ ತವರಿಗೇ ಬಂದು ತಗಲುತ್ತಿತ್ತು. ಅಜ್ಜಿ ಒಲೆಯ ಮುಂದೆ ತಲೆ ತಗ್ಗಿಸಿ ಕೂತಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ಅಮ್ಮಿ, ಹಂಗಾರೆ ನೀನು ಹುಳದ್ ಮೇಲಿನ್ ಆಸೆಗೆ ಒಳೀಕ್ ಬತ್ತಿರ್ಲಿಲ್ವಾ? ಕಣ್ ನೋವ್ಗೆ ಬತ್ತಿದ್ಯಾ? ನಾನು ಅದ್ನ ನೋಡಿ ಮದ್ವೆ ಮಾಡ್ಬುಟ್ನಾ?”

ಊರಿಗೆಲ್ಲ ಗಟ್ಟಿಗಿತ್ತಿಯಾದ ನನ್ನ ಅಜ್ಜಿ ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ. “ಮೊದ್ಲು ನೆಳ್ಳಿಗೇ ಬಂದೆ ಅಜ್ಜಿ. ಆಮೇಲೆ ಹುಳಕ್ಕೆ ನಿಂತೆ” ಎಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಹಣ್ಣಾದ ಹುಳು, ಅಂದರೆ ಗೂಡು ಕಟ್ಟಲು ಸಿದ್ಧವಾದದ್ದು, ಹಳದಿ ತಿರುಗುತ್ತದೆ ಎಂದು ಎಲ್ಲ ಹೇಳುತ್ತಾರೆ. ನಾನು ಬಣ್ಣ ನೋಡುವವಳಲ್ಲ. ಬೆರಳಿಗೆ ಮೆತ್ತಗಾಗಿ, ಸೊಪ್ಪು ಬಿಟ್ಟು ತಲೆ ಆಡಿಸುವುದನ್ನು ನೋಡಿ ಆರಿಸುತ್ತೇನೆ. ಇದುವರೆಗೆ ತಪ್ಪಿಲ್ಲ. ಆಸೆ ಇಲ್ಲದೆ ಅದು ಬರುವುದಿಲ್ಲ. ಅಜ್ಜಿ ಮೂಗು ಸೀಟಿಕೊಂಡು, ಧನ್ಯಳ ಕಣ್ಣು ಸರಿ ಇದ್ದರೆ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಬೆಣ್ಣೆ ಕೊಡುತ್ತೇನೆಂದು ಹರಕೆ ಹೊತ್ತಳು.

ಈ ನಡುವೆ ನನ್ನ ಕನ್ನಡಕ ಬಂತು. ಅಗಲ ಗಾಜು, ಪಕ್ಕಕ್ಕೂ ಮುಚ್ಚಿಗೆ. ನನಗದು ಕಪ್ಪು. ಹಾಕಿಕೊಂಡು ಹಜಾರಕ್ಕೆ ಬಂದಾಗ ಅವ್ವ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. “ಏನೇ ಇದು, ಕೆಂಡದಂಗೆ ಕೆಂಪಗೈತೆ!” ಅಂಗಳಕ್ಕೆ ಇಳಿದೆ. ದೇವರೇ, ಬೇವಿನ ಮರಕ್ಕೆ ಕೊಂಬೆಗಳಿದ್ದವು, ಬೇಲಿಯ ಮೇಲೆ ಓತಿಕ್ಯಾತ ಕೂತಿತ್ತು! ನಡುಮಧ್ಯಾಹ್ನ ಓತಿಕ್ಯಾತ ನೋಡಿದ್ದು ಅದೇ ಮೊದಲು. ಆದರೆ ಬೀದಿಯಲ್ಲಿ ಹೋಗುತ್ತಿದ್ದ ಗೌರಕ್ಕ ನಿಂತು, “ಏನಮ್ಮಿ, ನಾಟ್ಕದ ಕಂಪ್ನಿ ಸೇರ್ಕಂಡ್ಯಾ? ಈಗ ಯಾರ್ ಮಗ ಎತ್ಕಂಡ್ ಹೋಯ್ತೀಯ?” ಎಂದುಬಿಟ್ಟಳು. ಅವಮಾನವಾಯಿತು. ತೆಗೆದು ಕೊಬ್ಬರಿ ಬಿಸ್ಕತ್ತಿನ ಟಿನ್ನಿಗೆ ಹಾಕಿಟ್ಟೆ. ಮತ್ತೆ ಅಂಗೈ, ಹುಬ್ಬು, ನೆಲ.

ಧನ್ಯಳ ಮೇಲೆ ಮಾತ್ರ ಕಣ್ಣಿಟ್ಟಿದ್ದೆ. ಒಂದು ದಿನ ಬಚ್ಚಲ ಹತ್ತಿರ, “ಆ ಬಕೀಟು ತಗೊಂಡು ಬಾ ಪುಟ್ಟ” ಅಂದೆ. “ಯಾವ್ದು, ಕಪ್ಪುದಾ?” ಅಂದಳು. ಸರಿ ಎಂದು ತೆಗೆದುಕೊಂಡೆ. ಹಿಂದೆಯೇ ಬಂದ ಮಾವ ನೋಡಿ ನಿಂತುಬಿಟ್ಟ. ಅದು ಕೆಂಪು ಬಕೀಟಂತೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇನ್ನು ಫೋನು ಬಂದರೆಷ್ಟು, ಬಿಟ್ಟರೆಷ್ಟು ಅನಿಸಿತು.

ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹಾಕಿ ಬಂದ ಮೇಲೆ ಆಸ್ಪತ್ರೆಯಿಂದ ಕರೆ ಬಂತು. ಫೋನಿನಲ್ಲಿ ಹೇಳುವುದಿಲ್ಲ, ಮಗುವಿನ ಜೊತೆ ಬನ್ನಿ ಎಂದರು. ಈ ಸಲ ಅಜ್ಜಿಯೂ ಹೊರಟು ನಿಂತಳು. ಬಸ್ಸಿನಲ್ಲಿ ಧನ್ಯ ಒಬ್ಬಳೇ ಮಾತಾಡಿದಳು.

ಡಾಕ್ಟರು ನಮ್ಮನ್ನು ಕೂರಿಸಿದ ಕೂಡಲೇ ಹೇಳಿಬಿಟ್ಟರು, ಅದಕ್ಕೆ ಅವರಿಗೆ ಪುಣ್ಯ ಬರಲಿ. “ನಿಮ್ಮ ಯಜಮಾನರಲ್ಲಿ ಅದು ಇಲ್ಲ. ಮಗುವಿಗೆ ನಿಮ್ಮದೊಂದೇ ಬಂದಿದೆ. ಅವಳ ಕಣ್ಣಿಗೆ ಈ ಕಾಯಿಲೆ ಇಲ್ಲ.”

ಅಜ್ಜಿ ಎದ್ದು ನಿಂತಳು. “ನಮ್ ರಾಜ ಪಾಸಾದ್ನಾ?”

“ಪಾಸಾದರು ಅಜ್ಜಿ.”

“ಎಸ್ಸೆಲ್ಸಿ ಮೂರ್ ಕಿತ ಡುಮ್ಕಿ ಹೊಡುದ್ನಲ್ಲವ್ವ ಇವ್ನು!” ಎಂದು ಅಜ್ಜಿ ಮಗನ ಬೆನ್ನಿಗೆ ಒಂದು ಗುದ್ದಿದಳು. ಮಾವ ಅಳುತ್ತಿದ್ದ, ನಗುತ್ತಲೂ ಇದ್ದ.

ನನಗೆ ನಂಬಿಕೆ ಬರಲಿಲ್ಲ. “ಮತ್ತೆ ಕಣ್ಣು ಮುಚ್ಚೋದು? ಕೆಂಪು ಬಕೀಟನ್ನ ಕಪ್ಪು ಅನ್ನೋದು?” ಎಂದೆ. ನನ್ನ ದನಿ ಜೋರಾಗಿಯೇ ಇತ್ತು.

ಧನ್ಯ ಅಷ್ಟರಲ್ಲಿ ಡಾಕ್ಟರ ಮೇಜಿನ ಮೇಲಿದ್ದ ಚನ್ನಪಟ್ಟಣದ ಮರದ ಉಂಗುರಗಳನ್ನು ಕಡ್ಡಿಗೆ ಪೋಣಿಸುತ್ತಿದ್ದಳು. ಡಾಕ್ಟರು ಒಂದು ಉಂಗುರ ಎತ್ತಿ ಹಿಡಿದು, “ಇದು ಯಾವ ಬಣ್ಣ ಪುಟ್ಟಿ?” ಎಂದು ಕೇಳಿದರು.

“ಅಮ್ಮನ ಹತ್ರ ಕಪ್ಪು. ಅಜ್ಜಿ ಹತ್ರ ಕೆಂಪು.”

“ಬಿಸಿಲಲ್ಲಿ ಯಾಕೆ ಕಣ್ಣು ಮುಚ್ತೀಯ?”

ಅವಳಿಗೆ ಇದೆಂಥ ಪ್ರಶ್ನೆ ಅನಿಸಿರಬೇಕು. “ಹೊರಗಡೆ ಹೋದ್ರೆ ಹಿಂಗೇ ಮಾಡ್ಬೇಕು. ಅಮ್ಮ ಹಿಂಗೇ ಮಾಡದು” ಎಂದು ಅಂಗೈ ಹುಬ್ಬಿಗಿಟ್ಟು, ಕಣ್ಣು ಕಿರಿದು ಮಾಡಿ, ನೆಲ ನೋಡುತ್ತ ಕೋಣೆಯಲ್ಲಿ ನಡೆದು ತೋರಿಸಿದಳು. ನನ್ನ ನಡಿಗೆಯೇ. ಒಂಚೂರೂ ಆಚೀಚೆ ಇಲ್ಲ. ಅಜ್ಜಿ ನಗಲು ಶುರು ಮಾಡಿದವಳು ಕುರ್ಚಿಯ ಕೈ ಹಿಡಿದುಕೊಳ್ಳಬೇಕಾಯಿತು. ಜೀನು ಕೊಡದ್ದನ್ನು ನಾನು ಕೈಯಾರೆ ಕಲಿಸಿಕೊಟ್ಟಿದ್ದೆ.

“ಕನ್ನಡಕ ಎಲ್ಲಿ?” ಎಂದು ಡಾಕ್ಟರು ನನ್ನನ್ನು ಕೇಳಿದರು. ಟಿನ್ನಿನಲ್ಲಿದೆ ಎಂದೆ. ಬೈಯಲಿಲ್ಲ. “ನೀವು ಹೇಗೆ ನಡೀತೀರೋ ಅವಳು ಹಾಗೇ ನಡೀತಾಳೆ. ಅವಳಿಗೆ ಬೇರೆ ಔಷಧ ಬೇಡ” ಎಂದರು, ಅಷ್ಟೇ.

ಬರುವಾಗ ಬಸ್ಸಿನಲ್ಲಿ ಅಜ್ಜಿಯ ಬಾಯಿಗೆ ಬಿಡುವಿರಲಿಲ್ಲ. ಧನ್ಯಳನ್ನು ನನ್ನ ಅಣ್ಣನ ಮಗನಿಗೆ ತೊಟ್ಟಿಲಲ್ಲೇ ಗೊತ್ತು ಮಾಡಿಟ್ಟಿದ್ದವಳು, ಆ ಮಾತನ್ನು ತಾನೇ ಮುರಿದಳು. “ಇನ್ ನೆಂಟರೊಳ್ಗೆ ಬ್ಯಾಡ ಕಣ್ಲಾ ರಾಜ. ಕನಕಪುರದಿಂದ್ ಆಚೆಗ್ ನೋಡು. ಮೊಖ ನೋಡಿರಬಾರ್ದು, ಹೆಸ್ರೂ ಕೇಳಿರಬಾರ್ದು, ಅಂಥೋರು ಆಗ್ಬೇಕು.” ಮಗುವಿಗೆ ಇನ್ನೂ ಐದು ತುಂಬಿಲ್ಲ ಎಂದು ಮಾವ ನೆನಪಿಸಿದ. ಮರುವಾರವೇ ದೊಡ್ಡಮಳೂರಿಗೆ ಹೋಗಿ ಬೆಣ್ಣೆಯ ಹರಕೆ ತೀರಿಸಿದೆವು. ಗುಡಿಯೊಳಗಿನ ಮಬ್ಬಿನಲ್ಲಿ ಎಲ್ಲರೂ ಕತ್ತು ಚಾಚಿ ಇಣುಕುತ್ತಿದ್ದರು. ಬಿಸಿಲಿನಿಂದ ಬಂದವರ ಕಣ್ಣು ಹೊಂದಿಕೊಳ್ಳುವ ಮೊದಲೇ ಪುಟ್ಟ ಕೃಷ್ಣ ನನಗೆ ಕಂಡಿದ್ದ. ಅಲ್ಲೊಂದು ಕಡೆ ನಾನೇ ಮುಂದು.

ಆದರೆ ನಾನು ಟಿನ್ನಿನಿಂದ ಕನ್ನಡಕ ಹೊರತೆಗೆಯಲು ಇನ್ನೂ ಹಿಂಜರಿಯುತ್ತಿದ್ದೆ. ಗೌರಕ್ಕನ ನಾಲಿಗೆಯ ಹೆದರಿಕೆ. ಮಗಳಿಗೆ ಬಾಯಲ್ಲಿ ಹೇಳಿದರಾಯಿತು ಎಂದುಕೊಂಡೆ. ಅಂಗನವಾಡಿಯಿಂದ ಕರೆತರುವಾಗ, “ನೀನು ಕಣ್ಣು ಬಿಟ್ಕೊಂಡು ನಡಿ ಪುಟ್ಟ. ನಿನ್ನ ಕಣ್ಣು ಚೆನ್ನಾಗೈತಂತೆ. ಮುಚ್ಚೋದು ಬೇಡ” ಎಂದೆ.

“ಗೊತ್ತು.”

“ಗೊತ್ತಿದ್ರೆ ಯಾಕೆ ಮುಚ್ಕೊಂಡಿದೀಯ?”

“ನೀನೊಬ್ಳೇ ಮುಚ್ಕೊಂಡಿದ್ರೆ ನಿಂಗೆ ಬೇಜಾರಾಗಲ್ವಾ?”

ರಸ್ತೆ ಮಧ್ಯೆಯೇ ನಿಂತೆ. ಶಾಲೆಯ ಬಯಲಿನಲ್ಲಿ, ಕಲ್ಯದ ಬೀದಿಯಲ್ಲಿ, ಮದುವೆಯಾಗಿ ಬಂದ ಈ ಊರಿನಲ್ಲಿ, ಇಷ್ಟು ವರ್ಷ ಬಿಸಿಲಿನಲ್ಲಿ ನಾನು ಒಬ್ಬಳೇ ನಡೆದಿದ್ದೇನೆ ಎಂದುಕೊಂಡಿದ್ದೆ. ನಡೆಯಲು ಕಲಿತ ದಿನದಿಂದ ಇವಳು ನನಗೆ ಜೊತೆ ಕೊಡುತ್ತ ಬಂದಿದ್ದಳು. ಅಳು ಬಂತು. ಬಂದದ್ದನ್ನು ತಡೆಯಲಿಲ್ಲ.

ಮಾರನೆಯ ದಿನ ಟಿನ್ನು ತೆಗೆದೆ. ಕೆಂಡದಂಥ ಕನ್ನಡಕ ಏರಿಸಿ, ಊರಿನ ನಡುಬೀದಿಯಲ್ಲಿ, ಎರಡೂ ಕೈ ಬೀಸಿಕೊಂಡು ಅಂಗನವಾಡಿಗೆ ಹೋದೆ. ಗೌರಕ್ಕ ಜಗುಲಿಯಲ್ಲೇ ಇದ್ದಳು. ಅವಳು ಬಾಯಿ ತೆರೆಯುವ ಮೊದಲೇ “ಸೆರಗಿಗೆ ಒಲೆ ಮಸಿ ಆಗೈತೆ ನೋಡ್ಕೋ ಗೌರಕ್ಕ” ಎಂದೆ. ನಿಜವಾಗಿಯೂ ಆಗಿತ್ತು. ಅವಳು ಸೆರಗು ನೋಡಿಕೊಳ್ಳುವಷ್ಟರಲ್ಲಿ ನಾನು ದಾಟಿದ್ದೆ.

ಗೇಟಿನ ಬಳಿ ಮಕ್ಕಳೆಲ್ಲ ಒಂದೇ ಬಟ್ಟೆಯಲ್ಲಿ ನಿಂತಿದ್ದರು. ಯಶು ಯಾರು, ಧನ್ಯ ಯಾರು, ದೂರದಿಂದಲೇ ಗೊತ್ತಾಯಿತು. ನನ್ನ ಮಗಳು ಅಂಗೈಯನ್ನು ಹುಬ್ಬಿಗೆ ಹಿಡಿದು ನನಗಾಗಿ ಕಾಯುತ್ತಿದ್ದಳು. ಹತ್ತಿರ ಬಂದು ಕನ್ನಡಕದೊಳಗೆ ಇಣುಕಿದಳು. ನಾನು ಎಷ್ಟು ಸಾಧ್ಯವೋ ಅಷ್ಟು ಅಗಲ ಕಣ್ಣು ಬಿಟ್ಟೆ.

ಅವಳು ಕೈ ಇಳಿಸಿದಳು. ಅವಳೂ ಕಣ್ಣು ಬಿಟ್ಟಳು.